ಸಂಜೆ ಏಳಕ್ಕೆ ಎಲ್ಲರ ಗಾಡಿಯೂ ಚಾರ್ಜಿಗೆ

ಎಲೆಕ್ಟ್ರಿಕ್ ಗಾಡಿಯ ಮಾತು ಬಂದರೆ ನಮ್ಮ ದಾವಣಗೆರೆಯಲ್ಲಿ ಎಲ್ಲರೂ ಮೊದಲು ಕೇಳುವುದು 'ಚಾರ್ಜಿಂಗ್ ಸ್ಟೇಷನ್ ಎಲ್ಲೆಲ್ಲಿವೆ?' ಅಂತ. ಹೈವೇ ಮೇಲೆ ಓಡಾಡುವವರಿಗೆ ಅದು ಬೇಕು, ಒಪ್ಪುತ್ತೇನೆ. ಆದರೆ ಊರೊಳಗೆ ಓಡುವ ಸ್ಕೂಟರು, ಕಾರುಗಳು ಚಾರ್ಜ್ ಆಗುವುದು ಜಾಸ್ತಿ ಮನೆಯಲ್ಲೇ. ಎಷ್ಟು ಹೊತ್ತಿಗೆ ಚಾರ್ಜಿಗೆ ಹಾಕುತ್ತೀರಿ ಅಂತ ಯಾರೂ ಯಾರನ್ನೂ ಕೇಳುತ್ತಿಲ್ಲ. ಈಗ ಕೇಳದಿದ್ದರೆ ಮುಂದೆ ಪ್ರತಿ ಬಡಾವಣೆಯ ಟಿಸಿ (ಟ್ರಾನ್ಸ್‌ಫಾರ್ಮರ್) ಕೆಳಗೆ ನಿಂತು ಲೈನ್‌ಮನ್‌ಗೆ ಫೋನ್ ಮಾಡುತ್ತಿರುತ್ತೇವೆ.

ಸುಮ್ನೆ ಹೆದರಿಸಲು ಹೇಳುತ್ತಿಲ್ಲ, ಲೆಕ್ಕ ನೋಡಿ. ಸ್ಕೂಟರಿನ ಚಾರ್ಜರ್ ಎಳೆಯುವುದು ಮುಕ್ಕಾಲು ಕಿಲೋವ್ಯಾಟ್ ಆಸುಪಾಸು. ಅದರಿಂದ ಅಂಥ ತೊಂದರೆಯಿಲ್ಲ. ಕಾರಿನ ಕಥೆ ಬೇರೆ. ಗೋಡೆಗೆ ಕೂರಿಸುವ ಚಾರ್ಜರ್ 7.2 ಕಿಲೋವ್ಯಾಟ್‌ನದು. ಅಂದರೆ ಒಂದೂವರೆ ಟನ್ನಿನ ನಾಲ್ಕೈದು ಎಸಿ ಒಟ್ಟಿಗೆ ಓಡಿದ ಲೆಕ್ಕ. ಒಂದು ಬೀದಿಗೆ 100 ಕೆವಿಎ ಟಿಸಿ, ಅಂದರೆ ಹೆಚ್ಚೆಂದರೆ 100 ಕಿಲೋವ್ಯಾಟ್ ಹೊರುವಂಥದ್ದು, ಇದೆ ಅಂದುಕೊಳ್ಳಿ. ಹತ್ತು ಮನೆಯವರು ಆಫೀಸು, ಅಂಗಡಿ ಮುಗಿಸಿ ಬಂದು ಏಳು ಗಂಟೆಗೆ ಕಾರು ಚಾರ್ಜಿಗೆ ಹಾಕಿದರೆ ಅವರದೇ 72 ಕಿಲೋವ್ಯಾಟ್ ಆಯಿತು. ಆ ಹೊತ್ತಿಗೇ ಎಲ್ಲರ ಮನೆಯಲ್ಲೂ ಲೈಟು, ಟಿವಿ, ಮಿಕ್ಸಿ. ಏಪ್ರಿಲ್, ಮೇ ಆದರೆ ಎಸಿಯೂ ಸೇರಿತು. ಮೊದಲು ವೋಲ್ಟೇಜ್ ಇಳಿಯುತ್ತದೆ, ಆಮೇಲೆ ಫ್ಯೂಸು ಹೋಗುತ್ತದೆ. ದಿನಾ ಹೀಗೇ ಆದರೆ ಒಂದು ದಿನ ಟಿಸಿಯೇ ಸುಡುತ್ತದೆ.

ಆದರೆ ಕಾರಿಗೆ ಆ ಕರೆಂಟು ಏಳಕ್ಕೇ ಬೇಕು ಅಂತೇನಿಲ್ಲ. ದಾವಣಗೆರೆಯೊಳಗೆ ದಿನಕ್ಕೆ 40 ಕಿಲೋಮೀಟರ್ ಓಡಿಸಿದರೂ ಖರ್ಚಾಗುವುದು ಆರು ಯೂನಿಟ್ ಹತ್ತಿರ. ಆ ಚಾರ್ಜರ್‌ಗೆ ಒಂದು ತಾಸಿನ ಕೆಲಸ. ಗಾಡಿಯೋ, ಸಂಜೆ ಏಳರಿಂದ ಬೆಳಗ್ಗೆ ಏಳರವರೆಗೆ ಮನೆ ಮುಂದೆ ನಿಂತೇ ಇರುತ್ತದೆ. ಹನ್ನೆರಡು ತಾಸಿನಲ್ಲಿ ಒಂದು ತಾಸು ಹೊಂದಿಸಿಕೊಂಡರೆ ಸಾಕು, ಅಲ್ವಾ? ರಾತ್ರಿ ಹನ್ನೊಂದರ ಮೇಲೆ ಅದೇ ಹತ್ತು ಕಾರನ್ನು ಎರಡೆರಡಾಗಿ ಹಾಕಿದರೆ ಟಿಸಿ ಮೇಲೆ ಬೀಳುವುದು 14.4 ಕಿಲೋವ್ಯಾಟ್ ಮಾತ್ರ. ಬೆಳಗಿನ ನಾಲ್ಕಕ್ಕೆ ಹತ್ತೂ ರೆಡಿ. ಹೊಸ ಟಿಸಿ ಬೇಡ, ಹೊಸ ಲೈನ್ ಬೇಡ.

ಪಾಳಿ ಅನ್ನುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ರೈತರನ್ನು ಕೇಳಿ ನೋಡಿ. ಪಂಪ್‌ಸೆಟ್‌ಗೆ ತ್ರೀ ಫೇಸ್ ದಿನವಿಡೀ ಇರುವುದಿಲ್ಲ. ಏಳು ತಾಸು ಕೊಡುತ್ತೇವೆ ಅನ್ನುವುದು ಸರ್ಕಾರದ ಮಾತು. ಅದನ್ನೂ ಪಾಳಿ ಮೇಲೆ ಕೊಡುತ್ತಾರೆ. ಜಗಳೂರು ಕಡೆ ನಮ್ಮ ಮಾವನ ಅಡಿಕೆ ತೋಟವಿದೆ. ಬೋರ್ ಪಕ್ಕದ ಪೆಟ್ಟಿಗೆಯಲ್ಲಿ ಆಟೋ ಸ್ಟಾರ್ಟರ್ ಇದೆ. ಕರೆಂಟು ಬಂದ ಕೂಡಲೇ ಮೋಟರ್ ತಾನೇ ಚಾಲೂ ಆಗುತ್ತದೆ. ರಾತ್ರಿ ಟಾರ್ಚ್ ಹಿಡಿದು ತೋಟಕ್ಕೆ ಹೋಗುವುದು ತಪ್ಪಿತು, ಹಾವು ಚೇಳಿನ ಭಯವೂ ತಪ್ಪಿತು. ಆದರೆ ಅದೇ ಟಿಸಿಯ ರೈತರೆಲ್ಲ ಅದನ್ನೇ ಹಾಕಿಸಿಕೊಂಡರು. ಮೋಟರ್ ಏಳುವಾಗ, ಓಡುವಾಗ ಎಳೆಯುವುದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಕರೆಂಟು ಬಂದ ಆ ಕ್ಷಣಕ್ಕೇ ಎಲ್ಲ ಮೋಟರುಗಳೂ ಒಟ್ಟಿಗೆ ಎದ್ದರೆ ಟಿಸಿ ಗುಂಯ್ ಅನ್ನುತ್ತದೆ, ಫ್ಯೂಸು ಢಬ್ ಅನ್ನುತ್ತದೆ, ಮತ್ತೆ ಕತ್ತಲೆ. ಟಿಸಿ ಸುಟ್ಟರಂತೂ ಬೇರೆಯದು ಬರುವವರೆಗೆ ತೋಟ ಒಣಗಬೇಕು.

ಕೊನೆಗೆ ಆ ಟಿಸಿಯವರೇ ಕೂತು ಮಾತಾಡಿಕೊಂಡರು. ಸ್ಟಾರ್ಟರ್‌ಗೆ ಟೈಮರ್ ಹಾಕಿಸಿದರು. ಒಬ್ಬರದು ಕರೆಂಟು ಬಂದ ಎರಡು ನಿಮಿಷಕ್ಕೆ, ಇನ್ನೊಬ್ಬರದು ನಾಲ್ಕಕ್ಕೆ, ಮತ್ತೊಬ್ಬರದು ಆರಕ್ಕೆ. 'ಫ್ಯೂಸ್ ಹೋಗಾದು ಕಮ್ಮಿ ಆಗೈತಿ. ಹೊಸ್ದಾಗಿ ಬೋರ್ ಕೊರ್ಸಿದೋರಿಗೆ ಮಾತ್ರ ದಿನಾ ಹೇಳ್ಬೇಕು' ಅನ್ನುತ್ತಾರೆ ಮಾವ.

ಬ್ರಿಟನ್‌ನಲ್ಲಿ ಇಂಥದ್ದನ್ನೇ ಕಾನೂನು ಮಾಡಿದ್ದಾರೆ. 2022ರ ಜೂನ್ 30ರಿಂದ ಅಲ್ಲಿ ಮನೆಗೆ ಮಾರುವ ಕಾರ್ ಚಾರ್ಜರ್ ಸ್ಮಾರ್ಟ್ ಆಗಿರಲೇಬೇಕು. ಪೀಕ್ ಹೊತ್ತಿನಲ್ಲಿ, ಅಂದರೆ ಕರೆಂಟಿಗೆ ಬೇಡಿಕೆ ಜಾಸ್ತಿ ಇರುವಾಗ, ಚಾರ್ಜ್ ಮಾಡದ ಹಾಗೆ ಮೊದಲೇ ಸೆಟ್ ಆಗಿರಬೇಕು. ಅರ್ಜೆಂಟ್ ಇದ್ದವರು ಬದಲಿಸಿಕೊಳ್ಳಬಹುದು, ಬಲವಂತವಿಲ್ಲ. ಇನ್ನೊಂದು ನಿಯಮ ನನಗೆ ಬಹಳ ಹಿಡಿಸಿತು. ಚಾರ್ಜಿಂಗ್ ಶುರು ಮಾಡುವಾಗ ಒಂದೊಂದು ಚಾರ್ಜರ್ ಒಂದೊಂದು ಲೆಕ್ಕದಲ್ಲಿ, ಹತ್ತು ನಿಮಿಷದವರೆಗೆ, ತಾನಾಗಿಯೇ ತಡ ಮಾಡಬೇಕು. ಪೀಕ್ ಮುಗಿದು ಅಗ್ಗದ ರೇಟು ಶುರುವಾದ ಕ್ಷಣಕ್ಕೇ ಎಲ್ಲವೂ ಒಟ್ಟಿಗೆ ಎದ್ದು ಹೊಸ ಪೀಕ್ ಆಗಬಾರದು ಅಂತ. ಜಗಳೂರಿನ ತೋಟದ ಟೈಮರ್ ಮಾಡುವ ಕೆಲಸವೇ ಅದು. ನಮ್ಮಲ್ಲಿ ಮಾರುವ ಕಾರ್ ಚಾರ್ಜರ್‌ಗೂ ಈ ನಿಯಮ ಬರಲಿ ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಗಾಡಿ ಕಡಿಮೆ ಇರುವಾಗಲೇ ತರಬೇಕು. ಮನೆಮನೆಗೆ ಚಾರ್ಜರ್ ಕೂತ ಮೇಲೆ ಯಾರದನ್ನು ಬದಲಾಯಿಸುತ್ತೀರಿ?

ರಾತ್ರಿಗಿಂತ ಒಳ್ಳೆಯ ಹೊತ್ತು ಮಧ್ಯಾಹ್ನ. ಚಳ್ಳಕೆರೆ ದಾಟಿದರೆ ಪಾವಗಡ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಇದೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ವಿಂಡ್‌ಮಿಲ್‌ಗಳಂತೂ ಕೋಟೆ ಹತ್ತಿದವರಿಗೆಲ್ಲ ಕಾಣುತ್ತವೆ, ಮುಂಗಾರಿನಲ್ಲಿ ಜೋರಾಗಿ ತಿರುಗುತ್ತವೆ. ಬಿಸಿಲು, ಗಾಳಿ ಎರಡೂ ನಮ್ಮ ಸುತ್ತಲೇ ಇವೆ. ಸೋಲಾರ್ ಸಂಜೆಗೆ ಮುಗಿಯುತ್ತದೆ, ನಾವು ಅದು ಮುಗಿದ ಮೇಲೆ ಪ್ಲಗ್ ಹಾಕುತ್ತೇವೆ! ಆಗ ಹೊರೆ ಹೊರುವುದು ಕಲ್ಲಿದ್ದಲು ಮತ್ತು ಶರಾವತಿ. ಹಗಲಿನ ಕರೆಂಟಿನಲ್ಲಿ ನೀರು ಮೇಲೆತ್ತಿ ಸಂಜೆ ಬಿಡಲು ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಹೊರಟಿದ್ದು, ಕಾಡು ಹೋಗುತ್ತದೆ ಅಂತ ಅಲ್ಲಿನ ಜನ ವಿರೋಧಿಸಿದ್ದು ನಿಮಗೆ ಗೊತ್ತು. ಸಂಜೆಯ ಬೇಡಿಕೆ ಏರಿದಷ್ಟೂ ಅಂಥ ಯೋಜನೆಗೆ ಕಾರಣ ಕೊಟ್ಟ ಹಾಗೆ. ಬ್ಯಾಟರಿ ನಮ್ಮ ಗಾಡಿಯಲ್ಲೇ ಇದೆ. ಅದನ್ನು ಹಗಲು ತುಂಬಿಸೋಣ.

ಹಗಲು ತುಂಬಿಸಲು ರೇಟು ಹಾಗಿರಬೇಕು. ಕೇಂದ್ರ ಸರ್ಕಾರ 2023ರಲ್ಲೇ ನಿಯಮ ತಿದ್ದಿತು. ಸೋಲಾರ್ ಹೊತ್ತು ಅಂತ ದಿನಕ್ಕೆ ಎಂಟು ತಾಸು ಗುರುತಿಸಿ ಆಗ ಕನಿಷ್ಠ ಶೇ 20ರಷ್ಟು ಕಡಿಮೆ ರೇಟು, ಪೀಕ್ ಹೊತ್ತಿನಲ್ಲಿ ಹೆಚ್ಚಿನ ರೇಟು. ರೈತರನ್ನು ಬಿಟ್ಟು ಉಳಿದವರಿಗೆಲ್ಲ 2025ರ ಏಪ್ರಿಲ್ 1ರೊಳಗೆ ಬರಬೇಕಿತ್ತು, ಯಾವ ಹೊತ್ತಿಗೆ ಎಷ್ಟು ಬಳಸಿದಿರಿ ಅಂತ ಗುರುತಿಸುವ ಸ್ಮಾರ್ಟ್ ಮೀಟರ್ ಇದ್ದರೆ. ನಮ್ಮ ಮನೆಯ ಬಿಲ್‌ನಲ್ಲಿ ಈಗಲೂ ಮಧ್ಯಾಹ್ನಕ್ಕೂ ಸಂಜೆಗೂ ಒಂದೇ ರೇಟು. ಹಾಗಿದ್ದಾಗ ಜನ ಯಾಕೆ ಕಾಯುತ್ತಾರೆ?

ಗೃಹಜ್ಯೋತಿಯದು ಇನ್ನೊಂದು ಗಂಟು. 200 ಯೂನಿಟ್‌ವರೆಗೆ ಉಚಿತ ಅಂದರೂ, ಹಳೆಯ ಬಳಕೆಯ ಸರಾಸರಿ ಮೇಲೆ ಸ್ವಲ್ಪ ಸೇರಿಸಿ ಒಬ್ಬೊಬ್ಬರಿಗೆ ಒಂದು ಮಿತಿ ಇದೆ. 200 ದಾಟಿದರೆ ಪೂರ್ತಿ ಬಿಲ್. ಸೊನ್ನೆ ಬಿಲ್ ಬರುವ ಮನೆಗೆ ರೇಟು ಏರಿದರೂ ಇಳಿದರೂ ಲೆಕ್ಕಕ್ಕೇ ಬರುವುದಿಲ್ಲ. ಯೋಜನೆ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಮನೆಗಳಿಗೆ ಅದರಿಂದ ನಿಜವಾಗಿಯೂ ಅನುಕೂಲವಾಗಿದೆ. ಸೋಲಾರ್ ಹೊತ್ತಿನಲ್ಲಿ ಬಳಸಿದ ಒಂದು ಯೂನಿಟ್ಟನ್ನು ಆ ಮಿತಿಯ ಲೆಕ್ಕಕ್ಕೆ ಅರ್ಧ ಯೂನಿಟ್ ಅಂತ ಹಿಡಿಯಲಿ. ಆಗ ಸ್ಕೂಟರ್ ಇರುವ ಮನೆಯವರು ಭಾನುವಾರ ಮಧ್ಯಾಹ್ನ ತಾವಾಗಿಯೇ ಚಾರ್ಜಿಗೆ ಹಾಕುತ್ತಾರೆ. ಸ್ಮಾರ್ಟ್ ಮೀಟರ್ ಬೇಕು, ಹೌದು. ಆದರೆ 2025ರಲ್ಲಿ ಹೊಸ ಕನೆಕ್ಷನ್‌ಗೆ ಅದು ಕಡ್ಡಾಯ ಅಂದಾಗ ಮೀಟರ್ ಬೆಲೆಗೇ ಎಷ್ಟು ಗಲಾಟೆ ಆಯಿತು ನೋಡಿದೆವು. ಮೀಟರ್ ಹಾಕಿಸಿಕೊಂಡವರಿಗೆ ಏನು ಲಾಭ ಅಂತ ಮೊದಲು ತೋರಿಸಲಿ.

ಭಾನುವಾರ ಬಿಟ್ಟರೆ ಮಧ್ಯಾಹ್ನ ಗಾಡಿ ಮನೆಯಲ್ಲಿರುವುದಿಲ್ಲ. ಅದಕ್ಕೇ ಕಾಲೇಜು, ಆಸ್ಪತ್ರೆ, ಬ್ಯಾಂಕು, ಸರ್ಕಾರಿ ಕಚೇರಿಗಳ ಪಾರ್ಕಿಂಗ್‌ನಲ್ಲಿ ಸಾದಾ 15 ಆಂಪ್ ಪಾಯಿಂಟ್‌ಗಳು ಬೇಕು. ಲಕ್ಷಾಂತರದ ಫಾಸ್ಟ್ ಚಾರ್ಜರ್ ಬೇಡ. ಎಂಟು ತಾಸು ನಿಲ್ಲುವ ಗಾಡಿಗೆ ಏನು ಅವಸರ?

ಎಲ್ಲಕ್ಕಿಂತ ಮೊದಲು ಆಟೋದವರಿಗೆ ಮಾಡಿಕೊಡಿ. ರೈಲ್ವೆ ಸ್ಟೇಷನ್ ಹತ್ತಿರದ ಎಲೆಕ್ಟ್ರಿಕ್ ಆಟೋದವರೊಬ್ಬರನ್ನು ಕೇಳಿದೆ, 'ಅಣ್ಣ, ಚಾರ್ಜಿಂಗ್ ಯಾವಾಗ?' ಅಂತ. 'ರಾತ್ರಿ ಮನೆಗೆ ಹೋದ ತಕ್ಷಣ ಹಾಕಿಬಿಡ್ತೀನಿ ಸರ್. ಮಧ್ಯಾಹ್ನ ಎರಡರಿಂದ ನಾಲ್ಕು ಬಾಡಿಗೇನೇ ಇರಲ್ಲ, ಇಲ್ಲೇ ಹಾಕೋಕೆ ಪಾಯಿಂಟ್ ಇದ್ರೆ ಸಂಜೆ ಇನ್ನೂ ನಾಲ್ಕು ಟ್ರಿಪ್ ಜಾಸ್ತಿ ಹೊಡೀತಿದ್ದೆ' ಅಂದರು. ಆ ಎರಡು ತಾಸು ಪಾವಗಡದಲ್ಲಿ ಬಿಸಿಲು ಇನ್ನೂ ಸುಡುತ್ತಿರುತ್ತದೆ. ಮಹಾನಗರ ಪಾಲಿಕೆ ನಾಲ್ಕು ಆಟೋ ಸ್ಟ್ಯಾಂಡ್‌ನಲ್ಲಿ ನೆರಳು, ಪಾಯಿಂಟು, ಸೋಲಾರ್ ಹೊತ್ತಿನ ರೇಟು ಕೊಟ್ಟು ಶುರು ಮಾಡಲಿ. ಈ ಬೇಡಿಕೆಯನ್ನು ಬರೆದು ಪಾಲಿಕೆಗೆ ಕೊಡುವವನಿದ್ದೇನೆ. ಆಟೋ ಸಂಘದವರು, ಇ.ವಿ. ಇರುವವರು ಸಹಿಗೆ ಜೊತೆಯಾಗುವುದಾದರೆ ಮೆಸೇಜ್ ಮಾಡಿ.