ಗೆರೆ ಎಳೆಯುವ ಪೆನ್ಸಿಲ್ ಯಾರ ಕೈಯಲ್ಲಿರಬೇಕು?

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಿಂದ ಸಂಸತ್ತಿನ ಕೆಳಮನೆಗೆ 14 ಸದಸ್ಯರು ಹೋಗುತ್ತಾರೆ. 2022ರಲ್ಲಿ ಡೆಮಾಕ್ರಟಿಕ್ ಪಕ್ಷದವರು 7, ರಿಪಬ್ಲಿಕನ್ನರು 7. ಎರಡೇ ವರ್ಷಕ್ಕೆ ಅದು 4 ಮತ್ತು 10 ಆಯಿತು. ಜನ ಅಷ್ಟೊಂದು ಬದಲಾದರಾ? 2024ರಲ್ಲಿ ಅದೇ ಮತದಾರರು ಒಂದೇ ದಿನ ಅಧ್ಯಕ್ಷರ ಚುನಾವಣೆಯಲ್ಲಿ ಟ್ರಂಪ್ ಅವರನ್ನೂ ಗವರ್ನರ್ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಜೋಶ್ ಸ್ಟೈನ್ ಅವರನ್ನೂ ಗೆಲ್ಲಿಸಿದರು. ಬದಲಾದದ್ದು ಮುಖ್ಯವಾಗಿ ಕ್ಷೇತ್ರಗಳ ನಕ್ಷೆ. 2022ರದ್ದು ಕೋರ್ಟ್ ಮಾಡಿಸಿದ ನಕ್ಷೆ, 2024ರದ್ದು ಶಾಸಕರೇ ಎಳೆದದ್ದು.

ಇದು ಒಂದೇ ಪಕ್ಷದ ತಪ್ಪು ಅಂತ ನಾನು ಹೇಳುವುದಿಲ್ಲ. 1992ರಲ್ಲಿ ಅಲ್ಲಿನ ಶಾಸನಸಭೆ ಡೆಮಾಕ್ರಟರ ಕೈಯಲ್ಲಿತ್ತು. ಆಗ ಹುಟ್ಟಿದ 12ನೇ ಕ್ಷೇತ್ರ ಐ-85 ಹೆದ್ದಾರಿಯನ್ನು ಹಿಡಿದುಕೊಂಡು ಸುಮಾರು 160 ಮೈಲಿ ಉದ್ದ ಹರಿದಿತ್ತು. ಕೆಲವು ಕಡೆ ಅದರ ಅಗಲ ರಸ್ತೆಯಷ್ಟೇ! ಕೆಲವು ಕೌಂಟಿಗಳಲ್ಲಂತೂ (ನಮ್ಮ ಜಿಲ್ಲೆಗಳಂಥವು) ಉತ್ತರಕ್ಕೆ ಹೋಗುವ ಗಾಡಿ ಒಂದು ಕ್ಷೇತ್ರದಲ್ಲಿ, ಎದುರಿನಿಂದ ಬರುವ ಗಾಡಿ ಇನ್ನೊಂದು ಕ್ಷೇತ್ರದಲ್ಲಿ. ಆದರೆ ಆ ವಿಚಿತ್ರ ಆಕಾರದ ಹಿಂದೆ ಒಂದು ನ್ಯಾಯವಾದ ಬೇಡಿಕೆಯೂ ಇತ್ತು. 1901ರಲ್ಲಿ ಜಾರ್ಜ್ ಹೆನ್ರಿ ವೈಟ್ ಸಂಸತ್ತು ಬಿಟ್ಟ ಮೇಲೆ 90 ವರ್ಷ ಈ ರಾಜ್ಯದಿಂದ ಒಬ್ಬ ಕಪ್ಪು ಜನಾಂಗದ ಸದಸ್ಯರೂ ಅಲ್ಲಿಗೆ ಹೋಗಿರಲಿಲ್ಲ. ಆ ಹೊಸ ನಕ್ಷೆಯಿಂದಲೇ ಇವಾ ಕ್ಲೇಟನ್, ಮೆಲ್ ವಾಟ್ ಗೆದ್ದು ಬಂದರು. 1993ರಲ್ಲಿ ಸುಪ್ರೀಂ ಕೋರ್ಟ್ ಈ ನಕ್ಷೆಯ ವಿರುದ್ಧದ ದೂರು ವಿಚಾರಣೆಗೆ ಯೋಗ್ಯ ಅಂದಿತು. ಅಲ್ಲಿಂದ ಶುರುವಾದ ಕೇಸುಗಳು ಇವತ್ತಿಗೂ ಮುಗಿದಿಲ್ಲ.

2010ರಲ್ಲಿ ಶಾಸನಸಭೆ ರಿಪಬ್ಲಿಕನ್ನರ ಕೈಗೆ ಹೋಯಿತು. 2012ರಲ್ಲಿ ಇಡೀ ರಾಜ್ಯದಲ್ಲಿ ಡೆಮಾಕ್ರಟರಿಗೆ ಜಾಸ್ತಿ ಮತ ಬಿತ್ತು, ಸೀಟು ಮಾತ್ರ 13ರಲ್ಲಿ 4. 2016ರಲ್ಲಿ ಡೇವಿಡ್ ಲೂಯಿಸ್ ಎಂಬ ರಿಪಬ್ಲಿಕನ್ ಶಾಸಕರು 10-3 (ತಮ್ಮವರು 10, ಡೆಮಾಕ್ರಟರು 3) ಆಗುವ ಹಾಗೆ ನಕ್ಷೆ ಮಾಡೋಣ, 11-2 ಸಾಧ್ಯವಿಲ್ಲ ಅನಿಸುತ್ತೆ ಅಂತ ಬಹಿರಂಗವಾಗಿಯೇ ಹೇಳಿದರು.

ನನಗೆ ತೀರಾ ನೋವು ಕೊಡುವುದು ಆ ನಕ್ಷೆಯ ಒಂದು ಬೀದಿ. ಗ್ರೀನ್ಸ್‌ಬರೊದಲ್ಲಿ ನಾರ್ತ್ ಕೆರೊಲಿನಾ ಎ ಅಂಡ್ ಟಿ ವಿಶ್ವವಿದ್ಯಾಲಯವಿದೆ. ದೇಶದ ಐತಿಹಾಸಿಕ ಕಪ್ಪು ವಿದ್ಯಾಸಂಸ್ಥೆಗಳಲ್ಲೇ ಅತಿ ದೊಡ್ಡದು. 1960ರಲ್ಲಿ ಬಿಳಿಯರಿಗೆ ಮಾತ್ರ ಮೀಸಲಾದ ಊಟದ ಕೌಂಟರಿನಲ್ಲಿ ಕೂತು ಎದ್ದೇಳಲ್ಲ ಅಂದ ನಾಲ್ವರು ಹುಡುಗರು ಇಲ್ಲಿಯವರೇ. ಕ್ಯಾಂಪಸ್ಸಿನ ನಡುವೆ ಹಾಯುವ ಲಾರೆಲ್ ಸ್ಟ್ರೀಟ್ ಮೇಲೆ ಗೆರೆ ಬಿತ್ತು. ರಸ್ತೆಯ ಈಚೆಗೆ 6ನೇ ಕ್ಷೇತ್ರ, ಆಚೆಗೆ 13ನೇ ಕ್ಷೇತ್ರ. ರಸ್ತೆ ದಾಟಿದರೆ ಪ್ರತಿನಿಧಿಯೇ ಬೇರೆ! ಒಂದೇ ಕಡೆ ಇದ್ದಿದ್ದರೆ ತೂಕವಿರುತ್ತಿದ್ದ ವಿದ್ಯಾರ್ಥಿಗಳ ಮತ ಎರಡು ಹೋಳಾಯಿತು. 2019ರಲ್ಲಿ ಹೊಸ ನಕ್ಷೆ ಬಂದ ಮೇಲಷ್ಟೇ ಕ್ಯಾಂಪಸ್ ಮತ್ತೆ ಒಂದಾಯಿತು.

ಅದೇ 2019ರಲ್ಲಿ ಸುಪ್ರೀಂ ಕೋರ್ಟ್, ಪಕ್ಷದ ಲಾಭಕ್ಕಾಗಿ ಗೆರೆ ಎಳೆಯುವುದನ್ನು ಫೆಡರಲ್ (ಕೇಂದ್ರದ) ಕೋರ್ಟುಗಳು ವಿಚಾರಿಸುವ ಹಾಗಿಲ್ಲ ಅಂತ 5-4ರಲ್ಲಿ ತೀರ್ಪು ಕೊಟ್ಟಿತು. ರಾಜ್ಯದ ಸುಪ್ರೀಂ ಕೋರ್ಟ್ 2022ರಲ್ಲಿ ಇದನ್ನು ತಡೆದಿತ್ತು. ಆದರೆ ಚುನಾವಣೆಯಲ್ಲಿ ನ್ಯಾಯಮೂರ್ತಿಗಳು ಬದಲಾದರು, 2023ರಲ್ಲಿ ಅದೇ ಕೋರ್ಟ್ ತನ್ನ ತೀರ್ಪನ್ನೇ ತಿರುಗಿಸಿತು. 2025ರ ಅಕ್ಟೋಬರಿನಲ್ಲಂತೂ ಜನಗಣತಿಗೂ ಕಾಯದೆ, ಕ್ಲೇಟನ್ ಒಮ್ಮೆ ಗೆದ್ದಿದ್ದ 1ನೇ ಕ್ಷೇತ್ರವನ್ನು ಶಾಸಕರು ಮತ್ತೆ ತಿದ್ದಿದರು.

ಕ್ಷೇತ್ರ ಪುನರ್ವಿಂಗಡಣೆಯ ಚರ್ಚೆ ನಮ್ಮಲ್ಲೂ ಬಿಸಿಯಾಗಿದೆ. ಸೀಟಿನ ಲೆಕ್ಕದಲ್ಲಿ ಕರ್ನಾಟಕಕ್ಕೆ ಇರುವ ಆತಂಕ ನ್ಯಾಯವಾದದ್ದೇ. ಆದರೂ ಗೆರೆ ಎಳೆಯುವ ಕೆಲಸ ನಿವೃತ್ತ ನ್ಯಾಯಮೂರ್ತಿಗಳ ನೇತೃತ್ವದ ಆಯೋಗಕ್ಕೆ ಕೊಡುವ ಪದ್ಧತಿಯನ್ನು ನಾವು ಬಿಡಬಾರದು. ನಾರ್ತ್ ಕೆರೊಲಿನಾಗೂ ಅಂಥದ್ದೊಂದು ಆಯೋಗ ಬೇಕು. ಜನರೇ ಸಹಿ ಸಂಗ್ರಹಿಸಿ ಇಂಥ ಪ್ರಸ್ತಾವವನ್ನು ಮತಕ್ಕೆ ಹಾಕಿಸುವ ಅವಕಾಶ ಆ ರಾಜ್ಯದಲ್ಲಿಲ್ಲ. ಗವರ್ನರ್ ಈ ನಕ್ಷೆಗಳಿಗೆ ವೀಟೋ ಹಾಕುವಂತೆಯೂ ಇಲ್ಲ. ಆಯೋಗ ಬರಬೇಕಾದರೆ ಈಗ ಪೆನ್ಸಿಲ್ ಹಿಡಿದು ಕೂತಿರುವ ಶಾಸಕರೇ ಮೊದಲು ಕೈ ಎತ್ತಬೇಕು.