ಜಾಣಕಿವುಡಿಗೆ ಎಷ್ಟು ಡೆಸಿಬಲ್?

ಕಿವಿ ಕೇಳಿಸಲ್ಲ ಅಂತ ಸರ್ಟಿಫಿಕೇಟು ಬರೆಸಿಕೊಳ್ಳಲು ಬಂದವರನ್ನು ಹೆಸರು ಕೂಗಿ ಕರೆಯುವ ಪದ್ಧತಿ ನಿಮಗೇನೂ ಹೊಸದಲ್ಲ. ಮೊನ್ನೆ ತುಮಕೂರಿನಲ್ಲಿ ನನಗೂ ದರ್ಶನವಾಯಿತು. ನಮ್ಮ ಬೀದಿಯ ಹುಡುಗನನ್ನು ಬೆಂಚಿನ ಮೇಲೆ ಕೂರಿಸಿ ಜೆರಾಕ್ಸ್ ಮಾಡಿಸಿಕೊಂಡು ಬರುವಷ್ಟರಲ್ಲಿ ಅವನ ಹೆಸರಿನ ಮೇಲೆ ಗೀಟು ಬಿದ್ದಿತ್ತು.

"ಮೂರು ಸಲ ಕೂಗಿದ್ವಿ ಕಣ್ರೀ. ಕಿವುಡಾ ಅವನು?"

"ಹೌದು ಸಾರ್, ಅದಕ್ಕೇ ಬಂದಿರೋದು."

ಒಂದು ಲೆಕ್ಕದಲ್ಲಿ ಇದು ಅಚ್ಚುಕಟ್ಟಾದ ಪರೀಕ್ಷೆ. ಕೂಗಿದಾಗ ಎದ್ದು ಬಂದರೆ ಕೇಳಿಸುತ್ತದೆ ಎಂದಾಯಿತು, ಅರ್ಜಿ ವಜಾ. ಏಳದಿದ್ದರೆ ಗೈರುಹಾಜರು, ಆಗಲೂ ವಜಾ. ಮಷೀನು, ಕರೆಂಟು ಎಲ್ಲ ಉಳಿತಾಯ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗೆ 70 ಡೆಸಿಬಲ್ ನಷ್ಟವಾಗಿದ್ದರೆ ಕಿವುಡು, 60ರಿಂದ 70 ಆದರೆ ಮಂದ. ಕೌಂಟರಿನ ಆಚೆ ಬದಿಯ ಜಾಣಕಿವುಡಿಗೆ ಮಾತ್ರ ಯಾವ ಅಳತೆಯೂ ಇಲ್ಲ. ಪಾಪ, ಅವರಿಗೂ ಒಂದು ಕಾರ್ಡು ಕೊಡಬಹುದಿತ್ತು.

ಸನ್ನೆ ಭಾಷೆ ನಮಗೆ ಬರಲ್ಲ ಅನ್ನುತ್ತಾರೆ. ಯಾರು ಹೇಳಿದ್ದು? ಬೆಳಗ್ಗೆ ಎಂಟಕ್ಕೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿಗೆ ಹೋಗಿ ನೋಡಿ. ಆ ಗಲಾಟೆಯಲ್ಲಿ ಬಾಯಿಗೆ ಬೆಲೆಯೇ ಇಲ್ಲ. ಎರಡು ಬೆರಳೆತ್ತಿದರೆ ಎರಡು ಇಡ್ಲಿ, ಅಂಗೈ ಬಟ್ಟಲು ಮಾಡಿದರೆ ಇನ್ನಷ್ಟು ಚಟ್ನಿ, ಹೆಬ್ಬೆರಳು ತುಟಿಗಿಟ್ಟರೆ ನೀರು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಅಲ್ಲಿಂದಲೇ ಕೈ ಆಡಿಸುತ್ತಾನೆ, ಸೀಟಿಲ್ಲ ಅಂತ ಇಡೀ ಪ್ಲಾಟ್‌ಫಾರಮ್ಮಿಗೆ ತಿಳಿಯುತ್ತದೆ. ಮಾಮೂಲಿ ಕೇಳುವುದಕ್ಕಂತೂ ತಲೆ ಕೆರೆದುಕೊಂಡರೆ ಸಾಕು. ಭಾರತೀಯ ಸನ್ನೆ ಭಾಷೆಯ ನಿಘಂಟು 2021ರಲ್ಲೇ 10,000 ಪದ ಮುಟ್ಟಿದೆ. ನಮ್ಮ ಕೌಂಟರಿಗೆ ಬೇಕಿದ್ದದ್ದು ಒಂದೇ ಪದ: 'ಬಾ'.

ನಾನು ವಾದ ಮಾಡಿದ ಮೇಲೆ ಕರೆದರು, ನಿಜ. ಆದರೆ ಕೇಳಿದ್ದೆಲ್ಲ ನನ್ನನ್ನೇ. "ಇವನಿಗೆ ಸಹಿ ಹಾಕೋಕೆ ಬರುತ್ತಾ?" ಬಿ.ಕಾಂ. ಮಾಡಿದ್ದಾನೆ ಸ್ವಾಮಿ. ನಾನು ಎಸ್ಸೆಸ್ಸೆಲ್ಸಿಗೇ ಎರಡು ಸಲ ಕೂತವನು. ಮೂರು ಗಂಟೆ ಹೊತ್ತಿನಲ್ಲಿ ಒಬ್ಬರಾದರೂ ಅವನ ಮುಖ ನೋಡಿ ಮಾತಾಡಲಿಲ್ಲ. ಒಬ್ಬಾತ 'ಮೂಗ' ಅಂದ, ಇನ್ನೊಬ್ಬ ಕಿವಿಯ ಹತ್ತಿರ ಬಂದು ಕಿರುಚಿದ. ತಮಾಷೆ ಮಾಡಿ ಮಾಡಿ ನನಗೂ ಸಾಕಾಗಿದೆ. ಗೋಡೆಗೊಂದು ಕರಿಹಲಗೆ, ನಂಬರ್ ಬರೆಯೋಕೆ ಒಂದು ತುಂಡು ಸೀಮೆಸುಣ್ಣ. ಅಷ್ಟೂ ಆಗಲ್ವೇನ್ರೀ?

ಹೊರಡುವಾಗ ಅವನ ಮೊಬೈಲ್ ನಂಬರನ್ನು ನೀಟಾಗಿ ಬರೆದುಕೊಂಡರು. "ಮುಂದಿನ ಡೇಟು ಫೋನ್ ಮಾಡಿ ಹೇಳ್ತೀವಿ."

ಹುಡುಗ ನನ್ನ ಕಡೆ ತಿರುಗಿ, ಏನಂತೆ ಎಂದು ಕೈ ಮಾಡಿ ಕೇಳಿದ.