ಎಫ್1 ಒತ್ತಿದರೆ ಹೋಗ್ತದೆ ಅಕ್ಕ

ನಾಲ್ಕು ದಿನ ನನ್ನ ತಲೆ ತಿಂದ ಒಂದು ತೊಂದರೆಯ ಕತೆ ಇದು. ಕಂಪ್ಯೂಟರ್‌ನ ತೊಂದರೆ. ಆದರೆ ಅದು ಬಗೆಹರಿದದ್ದು ವಾಚ್ ರಿಪೇರಿ ಅಂಗಡಿಯಿಂದ. ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ತೀರ್ಥಹಳ್ಳಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ. ಎರಡು ಕಂಪ್ಯೂಟರ್ ಇವೆ. ಮುಂದಿನದರಲ್ಲಿ ಪಹಣಿ, ಅರ್ಜಿ, ಇಂಟರ್ನೆಟ್ ಬೇಕಾಗುವ ಎಲ್ಲ ಕೆಲಸ. ಹಿಂದಿನದು ಸೆಕೆಂಡ್ ಹ್ಯಾಂಡ್ ತಂದ ಹಳೇ ಡೆಸ್ಕ್‌ಟಾಪ್, ಬರೀ ಟೈಪಿಂಗ್‌ಗೆ. ಅದಕ್ಕೆ ನೆಟ್ ಕೇಬಲ್ ಇದೆ, ಆದರೆ ಅದರಲ್ಲಿ ಬ್ರೌಸರ್ ತೆರೆಯುವವರು ಯಾರೂ ಇಲ್ಲ. ಅದರಲ್ಲಿ ಹಾಕಿಕೊಂಡಿರುವುದು ಲಿಬ್ರೆಆಫೀಸ್, ವರ್ಡ್ ಥರದ್ದೇ ಟೈಪಿಂಗ್ ಸಾಫ್ಟ್‌ವೇರ್. ಪುಕ್ಕಟೆ ಸಿಗುತ್ತದೆ, ಕದ್ದ ಕಾಪಿ ಹಾಕಿಕೊಂಡು ಹೆದರುವುದು ಬೇಡ ಅಂತ ಎಷ್ಟೋ ವರ್ಷದ ಹಿಂದೆ ನನ್ನ ಅಕ್ಕನ ಮಗ ಹಾಕಿಕೊಟ್ಟಿದ್ದ. ನಾನು ಅದಕ್ಕೇ ಒಗ್ಗಿಕೊಂಡೆ.

ಮೇ ತಿಂಗಳಲ್ಲಿ ಒಂದು ಸ್ತ್ರೀಶಕ್ತಿ ಸಂಘದವರು ಪೆನ್‌ಡ್ರೈವ್‌ನಲ್ಲಿ ವರ್ಷದ ಲೆಕ್ಕ ತಂದರು. ಬೇರೆ ಕಡೆ ವರ್ಡ್‌ನಲ್ಲಿ ಮಾಡಿಸಿದ ಫೈಲ್. ನನ್ನಲ್ಲಿ ತೆರೆದರೆ ಟೇಬಲ್ಲಿನ ಬಲಗಡೆಯ ಎರಡು ಕಾಲಂ ಪುಟದಿಂದ ಆಚೆಗೆ ಹೋಗಿ ಕೂತಿವೆ. ಬಡ್ಡಿ ಎಲ್ಲಿ, ಬಾಕಿ ಎಲ್ಲಿ ಅಂತ ಅವರು ಕೇಳುತ್ತಿದ್ದಾರೆ. ಅಕ್ಕನ ಮಗನಿಗೆ ಫೋನ್ ಮಾಡಿದೆ.

"ಯಾವ ವರ್ಷನ್ ಚಿಕ್ಕಮ್ಮ?"

"7.5 ಅಂತ ಇದೆ."

"ಅಯ್ಯೋ, ಅದು 2023ರ ಫೆಬ್ರವರಿಯದ್ದು. ಹೆಲ್ಪ್ ಮೆನುಗೆ ಹೋಗಿ ಚೆಕ್ ಫಾರ್ ಅಪ್‌ಡೇಟ್ಸ್ ಒತ್ತಿ."

ಒತ್ತಿದೆ. ಚಿಕ್ಕ ಡಬ್ಬಿ ಬಂತು. ಸ್ವಲ್ಪ ಹೊತ್ತು ಹುಡುಕಿದ ಹಾಗೆ ಮಾಡಿತು. ಆಮೇಲೆ ಒಂದೇ ಸಾಲು: ಚೆಕಿಂಗ್ ಫಾರ್ ಆ್ಯನ್ ಅಪ್‌ಡೇಟ್ ಫೇಲ್ಡ್. ಅಷ್ಟೇ. ಏಕೆ ಅಂತ ಇಲ್ಲ, ಏನು ಮಾಡಬೇಕು ಅಂತಲೂ ಇಲ್ಲ. ಡಾಕ್ಟರ ಹತ್ತಿರ ಹೋದರೆ ಅವರು ನಾಡಿ ಹಿಡಿದು "ನಿಮಗೆ ಹುಷಾರಿಲ್ಲ" ಅಂತ ಹೇಳಿ ಕಳಿಸಿದ ಹಾಗಾಯಿತು.

ಮೊದಲ ದಿನ ನೆಟ್ಟಿನ ಮೇಲೆ ಅನುಮಾನ. ಕೇಬಲ್ ಹುಡುಗನನ್ನು ಕರೆಸಿದೆ. ಅವನು ರೂಟರ್ ಆಫ್ ಮಾಡಿ ಆನ್ ಮಾಡಿದ. ಮುಂದಿನ ಕಂಪ್ಯೂಟರ್‌ನಲ್ಲಿ ಯೂಟ್ಯೂಬ್ ಹಾಕಿ ತೋರಿಸಿ, "ನೆಟ್ ಫಸ್ಟ್ ಕ್ಲಾಸ್ ಇದೆ ಮೇಡಂ" ಅಂತ ಹೇಳಿ ಹೋದ. ಎರಡನೇ ದಿನ ಅಕ್ಕನ ಮಗ ಫೋನಿನಲ್ಲೇ ಟೂಲ್ಸ್, ಆಪ್ಷನ್ಸ್, ಇಂಟರ್ನೆಟ್, ಪ್ರಾಕ್ಸಿ ಅಂತ ಕರೆದುಕೊಂಡು ಹೋದ. ಪ್ರಾಕ್ಸಿ ಅಂದರೆ ನಮಗೂ ನೆಟ್ಟಿಗೂ ನಡುವಿನ ದಲ್ಲಾಳಿ. ಅಲ್ಲಿ ಸಿಸ್ಟಮ್ ಅಂತ ಇದ್ದದ್ದನ್ನು 'ನನ್', ಅಂದರೆ ಯಾವುದೂ ಬೇಡ, ಅಂತ ಮಾಡಿದೆವು. ಊಹೂಂ. ಮೂರನೇ ದಿನ ಆ್ಯಂಟಿವೈರಸ್ಸನ್ನು ಹತ್ತು ನಿಮಿಷ ನಿಲ್ಲಿಸಿ ನೋಡಿದೆವು. ಅದೇ ಸಾಲು. ತೆಗೆದು ಮತ್ತೆ ಹಾಕೋಣ ಅಂತ ಅವನು ಅಂದ. ನನಗೆ ಧೈರ್ಯ ಬರಲಿಲ್ಲ, ಮದುವೆ ಸೀಸನ್ನು, ಟೈಪಿಂಗ್ ಕೆಲಸ ರಾಶಿ ಬಿದ್ದಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಒಬ್ಬರು ಹಿರಿಯರು ಬಂದರು. ಹಿಂದಿನ ದಿನ ಅವರ ಮನೆಯ ಬಾಡಿಗೆ ಕರಾರಿನ ಕರಡು ಟೈಪ್ ಮಾಡಿ ಕೊಟ್ಟಿದ್ದೆ. ಬಿಳಿ ಹಾಳೆಯ ಪ್ರಿಂಟು, ಓದಿ ತಪ್ಪಿದ್ದರೆ ಹೇಳಿ ಅಂತ. ಹಾಳೆಯನ್ನು ಟೇಬಲ್ ಮೇಲಿಟ್ಟು ಬೆರಳಿಟ್ಟು ತೋರಿಸಿದರು.

"ಏನಮ್ಮಾ ಇದು? ನಾನು ಮನೆ ಕಟ್ಟಿದ್ದೇ 2016ರಲ್ಲಿ. 2012ಕ್ಕೇ ಬಾಡಿಗೆಗೆ ಕೊಟ್ಟುಬಿಟ್ಟಿದ್ದೀಯಲ್ಲ."

ನೋಡಿದರೆ ಹೌದು. 01-01-2012. ನನ್ನ ಕರಾರಿನ ನಮೂನೆಯಲ್ಲಿ ಆ ದಿನದ ತಾರೀಕು ತಾನಾಗೇ ಬೀಳುವ ಹಾಗೆ ಡೇಟ್ ಫೀಲ್ಡ್ ಹಾಕಿಟ್ಟಿದ್ದೇನೆ. ಅದು ಕಂಪ್ಯೂಟರ್‌ನ ಗಡಿಯಾರವನ್ನು ಕೇಳಿ ಬರೆಯುತ್ತದೆ. ಪರದೆಯ ಬಲಮೂಲೆ ನೋಡಿದೆ. ಅಲ್ಲೂ ಅದೇ. ಮೂಲೆಯಲ್ಲಿ ಗಡಿಯಾರ ಮೊದಲಿಂದಲೂ ಇತ್ತು. ಆದರೆ ನನಗೆ ಗಂಟೆ ನೋಡಲು ಗೋಡೆ ಮೇಲೆ ಒಂದಿದೆ. ವರ್ಷವನ್ನಂತೂ ದಿನಾ ಯಾರು ನೋಡುತ್ತಾರೆ? ಕೆಲವು ದಿನಗಳಿಂದ ಹೊಸ ಫೈಲುಗಳೆಲ್ಲ ಫೋಲ್ಡರಿನ ತಳಕ್ಕೆ ಹೋಗಿ ಬೀಳುತ್ತಿದ್ದವು. ಅದಕ್ಕೂ ನಾನು ಬೈದುಕೊಂಡು ಹುಡುಕಿಕೊಳ್ಳುತ್ತಿದ್ದೆ, ಅಷ್ಟೇ.

ಅದೇ ಕಂಪ್ಯೂಟರ್‌ನಲ್ಲಿ ಕ್ರೋಮ್ ತೆರೆದೆ. ಒಂದೇ ಕ್ಷಣ. ಕೆಂಪು ಗುರುತಿನ ಜೊತೆ ದೊಡ್ಡದಾಗಿ: ಯುವರ್ ಕ್ಲಾಕ್ ಈಸ್ ಬಿಹೈಂಡ್. ನಿಮ್ಮ ಗಡಿಯಾರ ಹಿಂದಿದೆ. ನಾಲ್ಕು ದಿನ ನಾನು ಹುಡುಕಿದ ಉತ್ತರವನ್ನು ಬ್ರೌಸರ್ ನಾಲ್ಕು ಪದದಲ್ಲಿ ಹೇಳಿತು.

ಗಡಿಯಾರಕ್ಕೂ ಅಪ್‌ಡೇಟ್‌ಗೂ ಏನು ಸಂಬಂಧ? ಅಕ್ಕನ ಮಗ ವಿವರಿಸಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಅಪ್‌ಡೇಟ್ ಇದೆಯಾ ಅಂತ ನೋಡುವಾಗ ಸಾಫ್ಟ್‌ವೇರು ಲಿಬ್ರೆಆಫೀಸ್‌ನವರ ಸರ್ವರ್‌ಗೆ ತನ್ನ ವರ್ಷನ್ ನಂಬರ್ ಕಳಿಸಿ, ಹೊಸದಿದ್ದರೆ ಹೇಳು ಅಂತ ಕೇಳುತ್ತದೆ. ಸರ್ವರ್ ಮೊದಲು ತಾನು ಅಸಲಿ ಅನ್ನುವುದಕ್ಕೆ ತನ್ನ ಸರ್ಟಿಫಿಕೇಟ್ ತೋರಿಸಬೇಕು. ಅದರ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಇರುತ್ತದೆ, ಮಕ್ಕಳ ಬಸ್ ಪಾಸಿನ ಹಾಗೆ. ಈಗ ಬಹಳ ಸೈಟುಗಳು ಬಳಸುವ ಪುಕ್ಕಟೆ ಸರ್ಟಿಫಿಕೇಟಿನ ಆಯಸ್ಸು 90 ದಿನ ಮಾತ್ರ. ಕಂಡಕ್ಟರ್ ಹತ್ತಿರ 2012ರ ಕ್ಯಾಲೆಂಡರ್ ಇದೆ ಅಂತ ಇಟ್ಟುಕೊಳ್ಳಿ. ಪಾಸ್ ನೋಡಿ ಅವನು ಏನು ಹೇಳಬೇಕು? "ಇದು ಇನ್ನೂ ಶುರುವೇ ಆಗಿಲ್ಲ, ಇಳಿ ಕೆಳಗೆ." ನನ್ನ ಕಂಪ್ಯೂಟರ್ ಮಾಡಿದ್ದೂ ಅದನ್ನೇ. ಪಾಸ್ ಸರಿ ಇತ್ತು, ಬಸ್ಸೂ ಸರಿ ಇತ್ತು.

ತಾರೀಕು ಸರಿ ಮಾಡಿದೆ. ಚೆಕ್ ಒತ್ತಿದೆ. ಹೊಸ ವರ್ಷನ್ ಇದೆ ಅಂತ ಬಂತು. ಆದರೆ ಗಡಿಯಾರ ಹಿಂದೆ ಹೋದದ್ದಾದರೂ ಏಕೆ? ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗನನ್ನು ಕೇಳಿದೆ. ಬೆಳಿಗ್ಗೆ ಬಾಗಿಲು ತೆಗೆದು ಎರಡೂ ಕಂಪ್ಯೂಟರ್ ಆನ್ ಮಾಡುವವನು ಅವನೇ.

"ಇದು ಆನ್ ಮಾಡುವಾಗ ಏನಾದ್ರೂ ಬೇರೆ ಥರ ಬರ್ತದೇನೋ?"

"ಹೂಂ ಅಕ್ಕ, ಕಪ್ಪು ಪರದೆ ಮೇಲೆ ಇಂಗ್ಲಿಷಲ್ಲಿ ಏನೋ ಬರ್ತದೆ. ಎಫ್1 ಒತ್ತಿದರೆ ಹೋಗ್ತದೆ."

"ಎಷ್ಟು ದಿನದಿಂದ?"

"ಯುಗಾದಿ ಕಳೆದ ಮೇಲಿಂದ."

ಸುಮಾರು ಎರಡು ತಿಂಗಳು ಮಾರಾಯ್ರೆ! ದಿನಾ ಬೆಳಿಗ್ಗೆ ಆ ಕಂಪ್ಯೂಟರ್ "ನನ್ನ ಬ್ಯಾಟರಿ ಹೋಗಿದೆ, ತಾರೀಕು ಮರೆತಿದ್ದೇನೆ" ಅಂತ ಅದರ ಭಾಷೆಯಲ್ಲಿ ಹೇಳುತ್ತಲೇ ಇತ್ತು. ಇವನು ದಿನಾ ಎಫ್1 ಒತ್ತಿ ಬಾಯಿ ಮುಚ್ಚಿಸುತ್ತಿದ್ದ. ಬೈಯೋಣ ಅಂತ ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಏಕೆಂದರೆ ಪ್ರಿಂಟರ್ ಸಾಫ್ಟ್‌ವೇರ್ ಬೆಳಿಗ್ಗೆ ಏನೋ ಕೇಳಿದಾಗ ಓದದೇ ಓಕೆ ಒತ್ತುವವಳು ನಾನೇ. ಅವನು ಕಲಿತದ್ದು ನನ್ನನ್ನು ನೋಡಿಯೇ.

ಕಂಪ್ಯೂಟರ್ ಒಳಗಿನ ಮುಖ್ಯ ಹಲಗೆ, ಅಂದರೆ ಮದರ್‌ಬೋರ್ಡ್ ಮೇಲೆ ಒಂದು ಬಿಲ್ಲೆ ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದು. ಹೆಸರು ಸಿಆರ್2032, 3 ವೋಲ್ಟ್. ಆ ನಂಬರಿನಲ್ಲೇ ಅದರ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಕಂಪ್ಯೂಟರ್ ಆಫ್ ಆಗಿದ್ದರೂ ಪ್ಲಗ್ಗಿನ ಸ್ವಿಚ್ ಆನ್ ಇದ್ದರೆ ಗಡಿಯಾರಕ್ಕೆ ಅಲ್ಲಿಂದಲೇ ಒಂಚೂರು ಕರೆಂಟ್ ಸಿಗುತ್ತದೆ, ಬಿಲ್ಲೆ ಉಳಿಯುತ್ತದೆ. ಸ್ವಿಚ್ ಪೂರ್ತಿ ತೆಗೆದರೆ ಬಿಲ್ಲೆಯೇ ಗತಿ. ನಮ್ಮ ಮಲೆನಾಡಲ್ಲಿ ಸಂಜೆ ಅಂಗಡಿ ಮುಚ್ಚುವಾಗ ಮೇನ್ ತೆಗೆಯದೇ ಹೋಗುವವರು ಯಾರು ಹೇಳಿ? ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಸುಟ್ಟುಹೋದ ಟಿವಿ, ರೂಟರ್ ನೋಡಿದವರೇ ಎಲ್ಲರೂ. ಹಾಗಾಗಿ ನಮ್ಮ ಕಡೆ ಈ ಬಿಲ್ಲೆ ಬೇಗ ಸಾಯುತ್ತದೆ. ಮೇನ್ ತೆಗೆಯಬೇಡಿ ಅಂತ ಮಾತ್ರ ನಾನು ಹೇಳುವುದಿಲ್ಲ. ಬಿಲ್ಲೆ ಹೋದರೆ ಮೂವತ್ತು ನಲವತ್ತು ರೂಪಾಯಿ, ಮದರ್‌ಬೋರ್ಡ್ ಹೋದರೆ ಕತೆಯೇ ಬೇರೆ.

ಬಸ್ ಸ್ಟ್ಯಾಂಡ್ ಹತ್ತಿರದ ವಾಚ್ ರಿಪೇರಿಯವರ ಬಳಿ ಬಿಲ್ಲೆ ಸಿಕ್ಕಿತು. ವೈರೆಲ್ಲ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದೆ. ಒಂದು ಹಿಡಿ ಧೂಳು, ಮೂಲೆಯಲ್ಲಿ ಹಲ್ಲಿಯ ಮೊಟ್ಟೆಯ ಎರಡು ಖಾಲಿ ಚಿಪ್ಪು. ಬಿಲ್ಲೆಯ ಪಕ್ಕದಲ್ಲಿ ಪುಟ್ಟ ತಗಡಿನ ಕೊಕ್ಕೆ ಇದೆ. ಅದನ್ನು ಉಗುರಿನಲ್ಲಿ ಸ್ವಲ್ಪ ಹಿಂದಕ್ಕೆ ತಳ್ಳಿದರೆ ಬಿಲ್ಲೆ ಟಕ್ ಅಂತ ಮೇಲೆದ್ದು ನಿಲ್ಲುತ್ತದೆ. ಹೊಸದನ್ನು ಪ್ಲಸ್ ಮೇಲೆ ಬರುವ ಹಾಗೆ ಇಟ್ಟು ಒತ್ತಿದೆ. ಐದು ನಿಮಿಷದ ಕೆಲಸ.

ವಿಂಡೋಸ್ ನೆಟ್ಟಿನಿಂದ ತಾನೇ ಟೈಮ್ ಸರಿ ಮಾಡಿಕೊಳ್ಳುವುದಿಲ್ವಾ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಚಿಕ್ಕಪುಟ್ಟ ವ್ಯತ್ಯಾಸ ಸರಿ ಮಾಡಿಕೊಳ್ಳುತ್ತದಂತೆ. ಆದರೆ ನಮ್ಮಂಥವರ ಒಂಟಿ ಕಂಪ್ಯೂಟರ್‌ನಲ್ಲಿ ವ್ಯತ್ಯಾಸ 15 ಗಂಟೆಗಿಂತ ಜಾಸ್ತಿ ಇದ್ದರೆ ಅದು ತಾನಾಗಿ ಕೈ ಹಾಕುವುದಿಲ್ಲ. ನನ್ನದು ಹದಿಮೂರು ವರ್ಷ.

ಈಗ ನನ್ನ ತಕರಾರಿಗೆ ಬರುತ್ತೇನೆ. ಲಿಬ್ರೆಆಫೀಸ್ ಮೇಲೆ ನನಗೆ ಸಿಟ್ಟಿಲ್ಲ. ಬರ್ಲಿನ್‌ನ ಒಂದು ಫೌಂಡೇಶನ್ನಿನ ನೆರಳಲ್ಲಿ ಊರೂರಿನ ಜನ ಸೇರಿ ಮಾಡುವ ಸಾಫ್ಟ್‌ವೇರ್ ಅದು. 2010ರಲ್ಲಿ ಓಪನ್‌ಆಫೀಸ್‌ನಿಂದ ಬೇರೆಯಾದಾಗಿನಿಂದ ನಮಗೆ ಪುಕ್ಕಟೆಯಾಗೇ ಕೊಡುತ್ತಿದ್ದಾರೆ. ಮತ್ತೆ ತಪ್ಪು ನನ್ನ ಬಿಲ್ಲೆಯದ್ದು. ನನ್ನ ತಕರಾರು ಎಲ್ಲ ಸಾಫ್ಟ್‌ವೇರುಗಳ ಈ ಅಭ್ಯಾಸದ ಬಗ್ಗೆ. "ಕೇಳಲು ಆಗಲಿಲ್ಲ" ಅನ್ನುವುದು ಬೇರೆ, "ಕೇಳಿದೆ, ಆದರೆ ಉತ್ತರ ಕೊಟ್ಟವರನ್ನು ನಂಬಲು ಆಗಲಿಲ್ಲ" ಅನ್ನುವುದು ಬೇರೆ. ಮೊದಲನೆಯದಕ್ಕೆ ಕೇಬಲ್ ಹುಡುಗ ಬೇಕು. ಎರಡನೆಯದಕ್ಕೆ ನಾನೇ ಸಾಕು. ಎರಡನ್ನೂ ಫೇಲ್ ಅನ್ನುವ ಒಂದೇ ಚೀಲಕ್ಕೆ ತುಂಬಿದರೆ ಜನ ಏನು ಮಾಡುತ್ತಾರೆ? ಡಬ್ಬಿ ಮುಚ್ಚುತ್ತಾರೆ. ನಾಳೆಯಿಂದ ಆ ಮೆನು ಕಡೆ ತಿರುಗಿಯೂ ನೋಡುವುದಿಲ್ಲ. ಆಮೇಲೆ "ಈ ಜನ ಅಪ್‌ಡೇಟೇ ಮಾಡುವುದಿಲ್ಲ, ಸೋಮಾರಿಗಳು" ಅಂತ ತಿಳಿದವರು ಬರೆಯುತ್ತಾರೆ. ನಾಲ್ಕು ದಿನ ಒದ್ದಾಡಿದ ನನ್ನನ್ನು ಸೋಮಾರಿ ಅಂತೀರಾ?

ಇನ್ನೊಂದು ಅದಕ್ಕಿಂತ ಕೆಟ್ಟದ್ದು. ತೆರೆಮರೆಯಲ್ಲಿ ಸದ್ದಿಲ್ಲದೆ ತಾನೇ ಅಪ್‌ಡೇಟ್ ನೋಡಿಕೊಳ್ಳುವ ಸಾಫ್ಟ್‌ವೇರು ಸೋತಾಗ ಸಾಮಾನ್ಯವಾಗಿ ಸುಮ್ನೆ ಇರುತ್ತದೆ. ನಾವು ಏನೂ ಹೇಳಲಿಲ್ಲವಲ್ಲ, ಎಲ್ಲ ಹೊಸದೇ ಇದೆ ಅಂತ ತಿಳಿಯುತ್ತೇವೆ.

ಹಳೇದು ಚೆನ್ನಾಗೇ ಓಡುತ್ತಿದೆ, ಅಪ್‌ಡೇಟ್ ಯಾಕೆ ಅನ್ನುವವರಿಗೆ ಎರಡು ಮಾತು. ನಮ್ಮಂಥ ಅಂಗಡಿಗೆ ಊರಿನ ಪೆನ್‌ಡ್ರೈವೆಲ್ಲ ಬರುತ್ತವೆ. ಮೈಕ್ರೋಸಾಫ್ಟ್ ಆಫೀಸಿನ ಈಕ್ವೇಶನ್ ಎಡಿಟರ್‌ನಲ್ಲಿ ಹದಿನೇಳು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದ ಒಂದು ತೂತನ್ನು 2017ರ ನವೆಂಬರಿನಲ್ಲಿ ಮುಚ್ಚಿದರು. ಮುಚ್ಚಿದ ಮೇಲೂ ಅಪ್‌ಡೇಟ್ ಮಾಡದವರ ಕಂಪ್ಯೂಟರ್‌ಗೆ ಕಳ್ಳರು ವರ್ಷಗಟ್ಟಲೆ ಅದೇ ತೂತಿನಿಂದ ನುಗ್ಗಿದರು. ಒಂದು ಡಾಕ್ಯುಮೆಂಟ್ ತೆರೆದರೆ ಸಾಕಿತ್ತು. ಎರಡನೆಯದು ನಮ್ಮ ಅಕ್ಷರದ ವಿಷಯ. 2017ರ ಫೆಬ್ರವರಿಯ 5.3 ವರ್ಷನ್ನಿನಲ್ಲಿ ಲಿಬ್ರೆಆಫೀಸಿನವರು ಅಕ್ಷರ ಜೋಡಿಸುವ ಕೆಲಸವನ್ನು ಹಾರ್ಫ್‌ಬಜ್ ಅನ್ನುವ ಎಂಜಿನ್ನಿಗೆ ಕೊಟ್ಟರು, ವಿಂಡೋಸ್ ಇರಲಿ ಲಿನಕ್ಸ್ ಇರಲಿ ಒಂದೇ ಥರ. ಒತ್ತಕ್ಷರ, ಅರ್ಕಾವತ್ತು ಇರುವ ಭಾಷೆಯವರಿಗೆ ಇದು ಸಣ್ಣ ವಿಷಯ ಅಲ್ಲ.

ನಿಮಗೂ ಹೀಗೆ ಫೇಲ್ ಅಂತ ಬಂದರೆ ಮೊದಲು ತಾರೀಕು ನೋಡಿ. ದಿನ ಮಾತ್ರ ಅಲ್ಲ, ವರ್ಷವನ್ನೂ. ಆಮೇಲೆ ಅದೇ ಕಂಪ್ಯೂಟರ್‌ನ ಬ್ರೌಸರ್ ತೆರೆಯಿರಿ. ಪಕ್ಕದ್ದರಲ್ಲಿ ಯೂಟ್ಯೂಬ್ ಓಡಿದರೆ ಏನೂ ಗೊತ್ತಾಗುವುದಿಲ್ಲ, ನಾನು ಒಂದು ದಿನ ಕಳೆದದ್ದು ಅಲ್ಲೇ. ಬ್ರೌಸರ್ ಸರಿ ಇದ್ದರೆ ಆಗ ಪ್ರಾಕ್ಸಿ, ಫೈರ್‌ವಾಲ್, ಆ್ಯಂಟಿವೈರಸ್. ಲಿನಕ್ಸ್‌ನವರಿಗೆ ಸಾಮಾನ್ಯವಾಗಿ ಆ ಮೆನುವೇ ಇರುವುದಿಲ್ಲ, ಅಲ್ಲಿ ಅಪ್‌ಡೇಟ್ ಸಿಸ್ಟಮ್ ಜೊತೆಗೇ ಬರುತ್ತದೆ. ಯಾವುದೂ ಆಗದಿದ್ದರೆ ಸೀದಾ ಅವರ ವೆಬ್‌ಸೈಟಿಗೆ ಹೋಗಿ ಇಳಿಸಿಕೊಳ್ಳಿ. ಮುನ್ನೂರೈವತ್ತು ಎಂಬಿ ಹತ್ತಿರ ಆಗುತ್ತದೆ. ಅಲ್ಲಿ 7.6 ಆದ ಮೇಲೆ ಒಮ್ಮೆಲೇ 24.2 ಅಂತ ನೋಡಿ ಹೆದರಬೇಡಿ. 2024ರಿಂದ ನಂಬರಿನ ಬದಲು ವರ್ಷ, ತಿಂಗಳು ಹಾಕುತ್ತಿದ್ದಾರೆ ಅಷ್ಟೇ. ನಾನಂತೂ ಹದಿನೇಳು ವರ್ಷನ್ ತಪ್ಪಿಸಿಕೊಂಡೆ ಅಂತ ಒಂದು ನಿಮಿಷ ಗಾಬರಿಯಾಗಿದ್ದೆ.

ಸ್ತ್ರೀಶಕ್ತಿಯವರ ಟೇಬಲ್ಲು? ಹೊಸ ವರ್ಷನ್ನಿನಲ್ಲಿ ಬಡ್ಡಿಯ ಕಾಲಂ ಒಳಗೆ ಬಂತು. ಬಾಕಿಯದ್ದನ್ನು ಕೈಯಲ್ಲೇ ಎಳೆದು ಸರಿ ಮಾಡಿದೆ. ಹಿರಿಯರ ಕರಾರಿಗೂ ಸರಿಯಾದ ವರ್ಷ ಬಿತ್ತು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ನನ್ನ ರಿಪೇರಿ ಮಾಡಿಕೊಟ್ಟವರು ಅವರೇ ತಾನೇ.

ಮಾರನೇ ದಿನ ಬೆಳಿಗ್ಗೆ ಅಂಗಡಿಗೆ ಹೋಗುವಷ್ಟರಲ್ಲಿ ಹುಡುಗ ಮುಖ ಸಣ್ಣ ಮಾಡಿಕೊಂಡು ನಿಂತಿದ್ದ.

"ಅಕ್ಕಾ, ಹಿಂದಿನ ಕಂಪ್ಯೂಟರ್ ಏನೋ ಕೆಟ್ಟಿದೆ ಅನ್ಸ್ತದೆ. ಇವತ್ತು ಎಫ್1 ಕೇಳಲೇ ಇಲ್ಲ."